ತವರಿನ ಪಟದಲ್ಲಿ ಒಂಟೆ

ನಮ್ಮ ಅತ್ತೆಯ ಬಲಗೈಯ ಮೂರು ಬೆರಳು ಸದಾ ಬೆಳ್ಳಗಿರುತ್ತಿದ್ದವು. ವಿಭೂತಿ. ದೇವರ ಪಟಗಳಿಗೆ ಹಚ್ಚಿ ಉಳಿದದ್ದನ್ನು ಗ್ಯಾಸ್ ಸಿಲಿಂಡರಿಗೂ ಮಿಕ್ಸರಿಗೂ ಎಳೆದುಬಿಡುತ್ತಿದ್ದರು. ನಮ್ಮ ಮನೆಯ ಸಿಲಿಂಡರ್ ತಿಂಗಳ ಮೇಲೂ ಬಾಳುತ್ತಿದ್ದುದು ಆ ಗೆರೆಗಳಿಂದಲೇ ಎಂದು ನಾನು ಈಗಲೂ ನಂಬಿದ್ದೇನೆ.

ಅವರ ತವರು ಹಂಪಸಾಗರದ ಹತ್ತಿರದ ಒಂದು ಹಳ್ಳಿ. ಅವರು ಚಿಕ್ಕವರಿದ್ದಾಗಲೇ ತುಂಗಭದ್ರಾ ಡ್ಯಾಮಿನ ಹಿನ್ನೀರು ಅದನ್ನು ನುಂಗಿತ್ತು. ನಾಗರ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟರೆ ಅತ್ತೆ ಹಬ್ಬದ ಸಿಹಿ ಉಂಡಿ ಕಟ್ಟಿ ಮನೆಯಲ್ಲೇ ಕೂರುತ್ತಿದ್ದರು.

ಒಮ್ಮೆ ಕೂಡ್ಲಿಗಿಯಲ್ಲಿ ಪಟಕ್ಕೆ ಕಟ್ಟು ಹಾಕುವ ಸಾಹೇಬರ ಅಂಗಡಿಗೆ ಹೋಗಿದ್ದೆವು. ಮೂಲೆಯಲ್ಲಿ ಹಳೇ ಕಲ್ಲಚ್ಚಿನ ಚಿತ್ರವೊಂದು ಒರಗಿತ್ತು: ಮರಳಲ್ಲಿ ಅರ್ಧ ಹೂತ ಕಂಬಗಳು, ಹಿಂದೆ ಹೊಳೆ, ರುಮಾಲು ಸುತ್ತಿದ ಮಂದಿ. ಅತ್ತೆ ಅದರ ಮುಂದೆ ಕೂತೇಬಿಟ್ಟರು.

“ಇದು ನಮ್ಮೂರ ಗುಡಿ. ಬ್ಯಾಸಗ್ಯಾಗ ನೀರು ಇಳಿದ್ರ ಹಿಂಗ ಕಾಣತೈತಿ.”

“ಅವ್ವಾ, ಇದು ಈಜಿಪ್ಟ್ ದೇಶರಿ. ನೂರೈವತ್ತು ವರ್ಷದ ಹಿಂದಿಂದು. ಕೆಳಗ ಬರದಾರ ನೋಡ್ರಿ,” ಎಂದರು ಸಾಹೇಬರು.

“ಬರದಾವ ನಮ್ಮೂರು ನೋಡ್ಯಾನೇನು?”

“ಒಂಟೆ ಐತೆಲ್ರೀ ಇದ್ರಾಗ.”

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. “ಅದು ನಮ್ಮಪ್ಪನ ಎತ್ತು. ಬೆನ್ನ ಮ್ಯಾಲಿನ ಡುಬ್ಬ ದೊಡ್ಡದಿತ್ತು ಅದರದು.”

ಸಾಹೇಬರು ಚಿತ್ರವನ್ನು ಎತ್ತಿ ಮೇಜಿನ ಮೇಲಿಟ್ಟರು. ಕೆಳಗಿನ ಅಕ್ಷರ ಮುಚ್ಚುವಂತೆ ಅಗಲ ಕಟ್ಟು ಹಾಕಿಕೊಟ್ಟರು. ಅವರ ಹೊಟ್ಟೆ ತಣ್ಣಗಿರಲಿ. ಅಂದಿನಿಂದ ಪಂಚಮಿ ಬಂದರೆ ಅತ್ತೆ ಪಟದ ಮುಂದೆ ಉಂಡಿ ಇಟ್ಟು, ಒಂಟೆಯ ಹಣೆಗೂ ವಿಭೂತಿ ಎಳೆದು, ಮಧ್ಯಾಹ್ನದವರೆಗೆ ಅಲ್ಲೇ ಕೂರುವರು. ಆಮೇಲೆ ಅಡುಗೆಮನೆಗೆ ಬಂದು, “ತವರಿಗೆ ಹೋಗಿ ಬಂದೆ, ಚಾ ಇಡು,” ಎನ್ನುವರು.

ಕಾಲೇಜಿಗೆ ಹೋಗುವ ನನ್ನ ಮಗಳಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಒಂದು ಪಂಚಮಿಯ ದಿನ ಮೊಬೈಲಿನಲ್ಲಿ ಅದೇ ಕಂಬಗಳನ್ನು ಹುಡುಕಿ ಅಜ್ಜಿಯ ಮುಂದೆ ಹಿಡಿದಳು. “ನೋಡಜ್ಜಿ, ಇದು ನಿನ್ನ ತವರಲ್ಲ.”

ಇದೊಂದೂ ಹೋದರೆ ಅತ್ತೆಗೆ ಉಳಿಯುವುದೇನು?

ಅತ್ತೆ ಮೊಬೈಲಿನಲ್ಲಿ ಗುಡಿಯ ಹಿಂದೆ ಹರಡಿದ್ದ ನೀರನ್ನೇ ನೋಡಿದರು. “ಅಲ್ಲೀನೂ ಡ್ಯಾಮ್ ಕಟ್ಟ್ಯಾರೇನು?”

“ಹೂಂ. ಈ ಗುಡಿನೂ ಮುಳುಗತಿತ್ತು. ಕಲ್ಲು ಕಲ್ಲು ಬಿಚ್ಚಿ, ಎತ್ತರದ ಜಾಗದಾಗ ಮತ್ತ ಕಟ್ಟ್ಯಾರ.”

“ಗುಡೀನ ಎತ್ತಿಟ್ರಾ? ನಮಗ ಬರೇ ಟ್ರಂಕ್ ಎತ್ಗಂಡು ಏಳ್ರಿ ಅಂದಿದ್ರು.” ನನ್ನತ್ತ ತಿರುಗಿದರು. “ಇನ್ನೆರಡು ಉಂಡಿ ತಾರವ್ವ. ಆ ಊರಾಗೂ ತವರು ಮುಳುಗಿದ ಹೆಣ್ಮಕ್ಳು ಇರ್ತಾರ, ಪಾಪ.” ಆಮೇಲೆ ಮೊಮ್ಮಗಳಿಗೆ ಹೇಳಿದರು: “ಎತ್ತು ಮಾತ್ರ ನಮ್ಮಪ್ಪಂದ.”

ಅತ್ತೆ ಹೋದ ವರ್ಷ ಶಿವನ ಪಾದ ಸೇರಿದರು. ನರಳಿಸದೆ ಕರೆದುಕೊಂಡ, ಅಷ್ಟು ಅವನ ಕರುಣೆ. ಈ ಪಂಚಮಿಗೆ ಪಟದ ಗಾಜು ಒರೆಸಿ ನಾನೇ ಉಂಡಿ ಇಟ್ಟೆ. ಹಿಂದಿನಿಂದ ಮಗಳು ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿಕೊಂಡು ಬಂದಳು.

“ಸ್ವಲ್ಪ ಅತ್ತ ಸರಿಯವ್ವಾ, ಎತ್ತಿಗೆ ನಾ ಹಚ್ಚತೀನಿ.”