ಸತುರ್ನೀನಾ ಹೊಲಿದ ಹಗುರ ಟೊಪ್ಪಿಗೆ

ಫೆರ್ಮಿನ್‌ನ ಮೂಗನ್ನು ಸತುರ್ನೀನಾ ಒಡೆದದ್ದು ವಿಶ್ವವಿದ್ಯಾಲಯದ ಅಂಗಳದಲ್ಲಿ, ಗುರುವಾರದ ಸಂತೆ ಗಿಜಿಗುಡುತ್ತಿದ್ದ ಹೊತ್ತಿನಲ್ಲಿ. ‘ನಮ್ಮ ಕುಶಲಕರ್ಮಿಗಳ ಕೈಹಿಡಿಯಿರಿ’ ಎಂದು ವಿದ್ಯಾರ್ಥಿಗಳು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರಲ್ಲ, ಸರಿಯಾಗಿ ಅದರ ಕೆಳಗೇ. ಪಕ್ಕದ ಜಾಗ ನನ್ನದು. ನಾನು ಉಣ್ಣೆಯ ನಡುಪಟ್ಟಿ ನೇಯ್ದು ಮಾರುವವಳು. ಅವನ ರಕ್ತ ಹಾರಿ ನನ್ನ ಒಳ್ಳೆಯ ಪಟ್ಟಿಗಳು ಹಾಳಾದವು, ಆದರೂ ನನಗೆ ಒಳಗೊಳಗೇ ಖುಷಿಯಾಯಿತು. ಆ ಬಾಯಿಬಡುಕನಿಗೆ ಯಾರಾದರೂ ಹಾಕಲಿ ಎಂದು ನಾನು ಎಷ್ಟು ದಿನದಿಂದ ಕಾಯುತ್ತಿದ್ದೆನೋ!

ಅವರಿಬ್ಬರೂ ಮಾರುತ್ತಿದ್ದದ್ದು ಒಂದೇ ಸರಕು, ಮೊಂಟೆರಾ. ನಮ್ಮ ಬೆಟ್ಟದವರು ತಿಂಕು ಕಾಳಗದಲ್ಲಿ ತಲೆಗೆ ಹಾಕಿಕೊಳ್ಳುವ ತೊಗಲಿನ ಟೊಪ್ಪಿಗೆ. ಫೆರ್ಮಿನ್‌ನದು ರಟ್ಟಿನದು, ಮೇಲೊಂದು ತೆಳು ತೊಗಲು, ಅದರ ಮೇಲೆ ಮಿಣಮಿಣ ಚಮಕಿ, ಗರಿ. ಸತುರ್ನೀನಾಳದು ಎತ್ತಿನ ಕುತ್ತಿಗೆಯ ಚರ್ಮ. ನೆನೆಹಾಕಿ, ಮರದ ತಲೆಯಚ್ಚಿನ ಮೇಲೆ ಬಡಿದು, ಪದರದ ಮೇಲೆ ಪದರ ಕೂರಿಸಿ, ಬಿಸಿಲಿಗೆ ಒಣಗಿಸಿದ್ದು. ಕಲ್ಲು ಬಿದ್ದರೆ ಕಲ್ಲೇ ಪುಟಿಯಬೇಕು. ಆ ದಿನ ಒಬ್ಬ ಹುಡುಗಿ ಇವಳ ಟೊಪ್ಪಿಗೆ ಎತ್ತಿ ನೋಡಿ, ಭಾರವೆಂದು ಕೆಳಗಿಟ್ಟಳು. ಫೆರ್ಮಿನ್ ನಕ್ಕ.

“ಅಲ್ಲಾ ಸತುರ್ನೀನಾ, ಅಷ್ಟು ಗಟ್ಟಿ ಟೊಪ್ಪಿಗೆ ಹೊಲಿಯೋಳು, ಗಣಿಗೆ ಹೋಗುವಾಗ ಗಂಡಂಗೂ ಒಂದು ಕೊಡೋದಲ್ವಾ? ಪಾಪ, ಬಂಡೆ ಬಿದ್ದು ಸತ್ತ. ಇಲ್ಲಾ, ಬೇಕೂಂತ್ಲೇ ಕೊಡ್ಲಿಲ್ವೋ?”

ಸತುರ್ನೀನಾ ಕೈಯಲ್ಲಿದ್ದ ಮೊಂಟೆರಾ ಬೀಸಿದಳು. ಅವನು ಬಿದ್ದ ಮೇಲೂ ಎದೆಯ ಮೇಲೆ ಮಂಡಿಯೂರಿ ಇನ್ನೊಂದು ಕೊಟ್ಟಳು. ಮೂವರು ಕಾವಲುಗಾರರು ಸೇರಿ ಎಳೆಯಬೇಕಾಯಿತು.

ಹೊಡೆತ ಅವಳಿಗೆ ಹೊಸದಲ್ಲ. ಅವಳ ಹಳ್ಳಿಯಲ್ಲಿ ಮೇ ತಿಂಗಳ ಶಿಲುಬೆ ಹಬ್ಬಕ್ಕೆ ಮೇಲ್ಕೇರಿಯವರೂ ಕೆಳಕೇರಿಯವರೂ ಚೌಕದಲ್ಲಿ ಎದುರುಬದುರು ನಿಂತು ಬರಿಗೈಯಲ್ಲಿ ಹೊಡೆದಾಡುತ್ತಾರೆ. ಭೂಮಿತಾಯಿ ನಮಗೆ ವರ್ಷವಿಡೀ ಆಲೂಗಡ್ಡೆ ಕೊಡುತ್ತಾಳೆ, ನಾವು ಅವಳಿಗೆ ಒಂದಿಷ್ಟು ರಕ್ತ ಕೊಡಬೇಡವೇ? ಯಾರಾದರೂ ಸತ್ತರೂ ಪೊಲೀಸರಿಗೆ ದೂರಿಲ್ಲ, ಹಗೆಯಿಲ್ಲ. ಹೆಂಗಸರೂ ಇಳಿಯುತ್ತಾರೆ. ಸತುರ್ನೀನಾ ಮದುವೆಗೆ ಮುಂಚೆ ಕೆಳಕೇರಿಯ ಹೆಂಗಸೊಬ್ಬಳ ಹಲ್ಲು ಉದುರಿಸಿದ್ದಳು, ತಾನೂ ಒಂದು ಕಿವಿ ಹರಿಸಿಕೊಂಡಿದ್ದಳು. ಅಪ್ಪನಿಂದ ಕಸುಬು ಕಲಿತಳು. ಅಪ್ಪ ಹೋದ ಮೇಲೆ ಮೇಲ್ಕೇರಿಯ ಗಂಡಸರ ತಲೆಯೆಲ್ಲ ಅವಳ ಕೈಯಲ್ಲಿತ್ತು. ಅವಳು ಹೊಲಿದದ್ದನ್ನು ಹಾಕಿಕೊಂಡ ಯಾರ ಬುರುಡೆಯೂ ಒಡೆದಿರಲಿಲ್ಲ. ಅದನ್ನು ಅವಳು ಹೇಳಿಕೊಳ್ಳುವ ಠೀವಿ ನೋಡಬೇಕಿತ್ತು, ಬಿಷಪ್ಪನಿಗೂ ಅಷ್ಟು ಜಂಬ ಇರಲಾರದು. ಆದರೆ ಹಬ್ಬ ವರ್ಷಕ್ಕೊಂದು, ಅವಳ ಟೊಪ್ಪಿಗೆಯೋ ತಲೆಮಾರು ಬಾಳುವಂಥದ್ದು. ಗಂಡ ಸತ್ತ ಮೇಲೆ ಹೊಟ್ಟೆಪಾಡಿಗೆ ಪೊತೊಸಿ ಪೇಟೆಗಿಳಿದು ಬಂದಳು. ವಿಶ್ವವಿದ್ಯಾಲಯದ ಸಂತೆಯಲ್ಲಿ ಅವಳಿಗೆ ಜಾಗ ಕೊಡಿಸಿದವಳು ನಾನೇ.

ಮೂಗಿನ ಪ್ರಕರಣ ಆದ ಮೇಲೆ ಅವಳನ್ನು ಸಂತೆಯಿಂದ ಓಡಿಸಲು ಸಮಿತಿಯವರು ಸಜ್ಜಾದರು. ಅಡ್ಡ ನಿಂತವರು ವಿದ್ಯಾರ್ಥಿನಿಯರು. ಮಾರಿಸೆಲಾ ಎನ್ನುವ ಒಬ್ಬಳು ಸಮಿತಿಯಲ್ಲಿದ್ದ ಮೇಷ್ಟ್ರ ಜೊತೆ ಗಂಟಲು ಹರಿದುಕೊಂಡು ಜಗಳವಾಡಿದಳು. ಪೇಟೆ ಮಕ್ಕಳೆಂದರೆ ನನಗೆ ಅಷ್ಟಕ್ಕಷ್ಟೆ, ಆದರೆ ಇದನ್ನು ಮರೆಯಲಾರೆ. ನಮ್ಮ ಸರಕು ಕೊಂಡರೆ ನಮ್ಮ ಒಲೆ ಉರಿಯುತ್ತದೆಂದು ಆ ಹುಡುಗಿಯರು ನಿಜಕ್ಕೂ ನಂಬಿದ್ದರು. ಉರಿಯುತ್ತಲೂ ಇತ್ತು. ಜಾಗ ಉಳಿದ ದಿನ ಮಾರಿಸೆಲಾ ಬಂದು ಸತುರ್ನೀನಾಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಅಕ್ಕಾ, ನಿಮ್ಮತ್ರಾನೇ ಕೊಳ್ಬೇಕೂಂತ ನಮ್ಮ ತಿಂಕು ಕುಣಿತದ ತಂಡದೋರಿಗೆಲ್ಲ ಆಸೆ. ಆದ್ರೆ ಇದನ್ನ ಹಾಕ್ಕೊಂಡು ಇಡೀ ದಿನ ಮೆರವಣಿಗೇಲಿ ಕುಣಿದ್ರೆ ಕತ್ತು ಮುರಿಯತ್ತೆ. ಸ್ವಲ್ಪ ಹಗುರ ಮಾಡಿಕೊಡಿ.”

“ಹಗುರ ಬೇಕಾ? ಹಂಗಾದ್ರೆ ತಲೆ ತೆಗೆದಿಟ್ಟು ಕುಣೀರಿ.”

“ನಾವೇನು ಹೊಡೆದಾಡ್ತೀವಾ ಅಕ್ಕಾ? ಬರೀ ಕುಣಿತ.”

ಸತುರ್ನೀನಾ ವಾರವಿಡೀ ಬೈದುಕೊಂಡು ಓಡಾಡಿದಳು. ಫೆರ್ಮಿನ್‌ನಿಗೆ, ಮಾರಿಸೆಲಾಗೆ, ಕಾರಣವಿಲ್ಲದೆ ನನಗೂ ಬೈದಳು. ಕೊನೆಗೆ ರಟ್ಟು ತಂದಳು. ಆದರೆ ಅಪ್ಪನ ಮಗಳಲ್ಲವೇ! ಫೆರ್ಮಿನ್‌ನ ಟೊಪ್ಪಿಗೆ ಮಗುಚಿದರೆ ರಟ್ಟು ಬೆತ್ತಲೆ ಕಾಣುತ್ತಿತ್ತು. ತನ್ನ ಕೈಕೆಲಸದಲ್ಲಿ ಅಂಥ ಅವಮಾನ ಕಾಣಬಾರದೆಂದು ಇವಳು ಒಳಗೂ ತೊಗಲು ಮೆತ್ತಿ, ಅಂಚಿಗೆ ಅಪ್ಪನ ಕಾಲದ್ದೇ ಹೊಲಿಗೆ ಹಾಕಿದಳು. ನೋಡಿದರೆ ಇದಕ್ಕೂ ಅವಳ ಕಾಳಗದ ಟೊಪ್ಪಿಗೆಗೂ ವ್ಯತ್ಯಾಸವೇ ತಿಳಿಯದು. ಹುಡುಗಿಯರು ಮುಗಿಬಿದ್ದು ಕೊಂಡರು. ಅವಳ ಮನೆಯಲ್ಲಿ ಮತ್ತೆ ಮಾಂಸದ ಸಾರು ಕುದಿಯಿತು, ಫೆರ್ಮಿನ್ ಜಾಗ ಬಿಟ್ಟು ಬೇರೆ ಮೂಲೆಗೆ ಹೋದ. ಸರಿಯಾಯಿತು ಬಿಡು ಅಂದುಕೊಂಡೆವು.

ಶಿಲುಬೆ ಹಬ್ಬದ ಮುನ್ನಾದಿನ ಅವಳ ತಮ್ಮ ಸೆನೋನ್ ಹಳ್ಳಿಯಿಂದ ಬಂದ. ಅವನಿಗಾಗಿ ಅವಳು ಹೊಸ ಕಾಳಗದ ಟೊಪ್ಪಿಗೆ ಹೊಲಿದು, ಚೀಲದಲ್ಲಿ ಕಟ್ಟಿ ಮನೆಯ ಮೂಲೆಯಲ್ಲಿಟ್ಟಿದ್ದಳು. ಅವನು ಬಂದಾಗ ನಾವಿಬ್ಬರೂ ಸಂತೆಯಲ್ಲಿದ್ದೆವು. ಗೋಡೆಯ ಮೊಳೆಗೆ ಮಾರಿಸೆಲಾಳ ತಂಡಕ್ಕೆಂದು ಮಾಡಿದ್ದು ತೂಗಾಡುತ್ತಿತ್ತು. ಕೆಂಪು ಚಮಕಿ, ನವಿಲು ಬಣ್ಣದ ಗರಿ. ಸೆನೋನ್‌ಗೆ ಮದುವೆಯಾಗಿರಲಿಲ್ಲ, ಹಬ್ಬದಲ್ಲಿ ಹುಡುಗಿಯರು ನೋಡಲೆಂಬ ಆಸೆ. ಅದನ್ನೇ ತಲೆಗೇರಿಸಿಕೊಂಡ. ಬಡಿದು ನೋಡಲಿಲ್ಲ, ಏಕೆಂದರೆ ಅವರ ಮನೆತನದಲ್ಲಿ ರಕ್ತಸಂಬಂಧಿಕರು ಹೊಲಿದ ಮೊಂಟೆರಾವನ್ನು ಬಡಿದು ಪರೀಕ್ಷಿಸುವುದೆಂದರೆ ಬಡಿಸಿದ ತಟ್ಟೆಗೆ ಉಗಿದ ಹಾಗೆ. ನೆರೆಮನೆಯಾಕೆ “ಭಾಳ ಹಗುರ ಕಾಣತ್ತಲ್ಲೋ” ಎಂದಳಂತೆ. “ನಮ್ಮಕ್ಕನ ಕೈ ಈಗ ಪಳಗಿದೆ ಕಣಮ್ಮಾ” ಎಂದು ಹೆಮ್ಮೆಯಿಂದ ಹೇಳಿ ಹೊರಟನಂತೆ.

ಸಂಜೆ ಮನೆಗೆ ಬಂದಾಗ ಮೊಳೆ ಖಾಲಿ, ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಸತುರ್ನೀನಾ ಚೀಲ ಎತ್ತಿಕೊಂಡು ಓಡಿದಳು, ಆ ದಿನದ ಕೊನೆಯ ಲಾರಿ ಹೋಗಿಯಾಗಿತ್ತು. ಹಳ್ಳಿಯಲ್ಲಿ ಫೋನು ಹಿಡಿಯುವುದು ಒಂದು ಗುಡ್ಡದ ಮೇಲೆ ಮಾತ್ರ, ಹಬ್ಬದ ಕುಡಿತದಲ್ಲಿ ಗುಡ್ಡ ಹತ್ತುವವರು ಯಾರು? ಬೆಳಗಿನ ಮೊದಲ ಲಾರಿಗೆ ನಾನೂ ಅವಳ ಜೊತೆ ಹತ್ತಿದೆ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರನಿಗೆ ಕೂಗುತ್ತಲೇ ಇದ್ದಳು.

“ಓಡ್ಸೋ ಸೋಮಾರಿ! ಸತ್ತ ಹೆಣ ಸಾಗಿಸ್ತಿದೀಯಾ?”

ಆಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

ನಾವು ತಲುಪಿದಾಗ ಚೌಕದಲ್ಲಿ ಹಾಡು ನಿಂತಿತ್ತು. ಗೋಡೆಯ ಪಕ್ಕ ಸೆನೋನ್‌ನನ್ನು ಮಲಗಿಸಿ ಮುಖಕ್ಕೆ ಶಾಲು ಹೊದಿಸಿದ್ದರು. ಶಾಲು ನೆನೆದು ಕಪ್ಪಾಗಿತ್ತು. ಮೊಂಟೆರಾ ಅವನ ಎದೆಯ ಮೇಲಿತ್ತು. ಮೇಲಿನ ತೊಗಲು ಹರಿದಿರಲಿಲ್ಲ, ನೆತ್ತಿ ಮಾತ್ರ ಬೋಗುಣಿಯಂತೆ ಒಳಕ್ಕೆ ಕುಸಿದಿತ್ತು. ಎಡಕ್ಕೆ, ಇಗರ್ಜಿಯ ಕಂಬಕ್ಕೆ, ಕೆಳಕೇರಿಯ ಕಸಿಯಾನೋನನ್ನು ಕಟ್ಟಿಹಾಕಿದ್ದರು. ಆ ಬೆಳಿಗ್ಗೆ ಕಾಳಗದಲ್ಲಿ ಸೆನೋನ್‌ಗೆ ಎದುರಾಗಿ ನಿಂತವನು ಅವನು. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು, ಬಾಯಿಂದ ರಕ್ತ ಸುರಿದು ಅಂಗಿಗೆ ಅಂಟಿತ್ತು. ಸಾವಿಗೆ ಹಗೆಯಿಲ್ಲ ಎಂದೆನಲ್ಲ, ಅದು ಬರಿಗೈಯ ಸಾವಿಗೆ. ಮುಷ್ಟಿಯಲ್ಲಿ ಕಬ್ಬಿಣ ಹಿಡಿದು ಹೊಡೆದವನಿಗೆ ಮಾಫಿಯಿಲ್ಲ.

“ಸತುರ್ನೀನಾ ಹೊಲಿದ ಟೊಪ್ಪಿಗೆ ಬರೀ ಗುದ್ದಿಗೆ ಕುಸಿಯತ್ತೇನ್ರೋ? ಕಬ್ಬಿಣ ಹಿಡ್ದಿದ್ದ ಇವ್ನು!” ಎಂದು ಮೇಲ್ಕೇರಿಯವನೊಬ್ಬ ಅರಚಿದ.

“ಎಲ್ಲಿ ಬಿಸಾಕಿದೆ, ಬೊಗಳೋ ನಾಯಿ!” ಇನ್ನೊಬ್ಬ ಚಾಟಿ ಬೀಸಿದ. ಯಾರೋ ಸೀಮೆಎಣ್ಣೆಯ ಡಬ್ಬಿ ತಂದರು. ಕಸಿಯಾನೋ ಹೊದ್ದಿದ್ದ ಉಣ್ಣೆಯ ಪೊಂಚೋ ಮೇಲೆ ಸುರಿದರು. ಹಬ್ಬಕ್ಕೆ ಬಂದಿದ್ದ ಇಬ್ಬರು ಪೊಲೀಸರು ಎಲ್ಲಿ ಅಡಗಿದ್ದರೋ ದೇವರಿಗೇ ಗೊತ್ತು. ಸತುರ್ನೀನಾಳ ತಾಯಿ ಬಸೀಲಿಯಾ ಮುಂದೆ ನಿಂತಿದ್ದಳು, ಕೈಯಲ್ಲಿ ಕಲ್ಲು. ಮೊದಲ ಹೊಡೆತ ತಾಯಿಯದು, ಆಮೇಲೆ ಬೆಂಕಿ.

ಸತುರ್ನೀನಾ ತಮ್ಮನ ಎದೆಯ ಮೇಲಿದ್ದ ಟೊಪ್ಪಿಗೆ ಎತ್ತಿಕೊಂಡಳು. ಅವಳು ಏನು ಮಾಡಲಿದ್ದಾಳೆಂದು ನನಗೆ ತಿಳಿಯಿತು. ಅವಳ ರಟ್ಟೆ ಹಿಡಿದು ಹಿಂಡಿದೆ.

“ಸುಮ್ನಿರೇ. ಸಿಗ್ದು ಹಾಕ್ತಾರೆ ನಿನ್ನ. ನಿನ್ನ ಕಸುಬು ಇವತ್ತಿಗೇ ಮುಗಿಯತ್ತೆ.”

ನಾನಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ? ಕಸಿಯಾನೋ ನನಗೇನು ನೆಂಟನೇ? ಅವಳು ಕೈ ಕೊಡವಿಕೊಂಡಳು. ಜನರನ್ನು ಮೊಣಕೈಯಿಂದ ತಿವಿದು ಕಂಬದ ಮುಂದೆ ಹೋಗಿ, ತಾಯಿಗೂ ಕಸಿಯಾನೋಗೂ ನಡುವೆ ನಿಂತು, ಟೊಪ್ಪಿಗೆಯ ಅಂಚಿಗೆ ಹಲ್ಲು ಹಾಕಿದಳು. ಹೊಲಿಗೆ ಗಟ್ಟಿ, ಅವಳದೇ ಅಲ್ಲವೇ. ಒಸಡು ಹರಿದು ಬಾಯಿ ಕೆಂಪಾಯಿತು. ಕೊನೆಗೆ ಪರ್ ಎಂದು ಕಿತ್ತುಬಂತು. ತೊಗಲು ಸೀಳಿ, ಒಳಗಿದ್ದುದನ್ನು ಹಿರಿದು ಮೇಲೆತ್ತಿ ತೋರಿಸಿದಳು.

“ನೋಡ್ರೋ! ರಟ್ಟು! ಅಡಿಗೆ ಎಣ್ಣೆ ಪೆಟ್ಟಿಗೆ ರಟ್ಟು! ಇದಕ್ಕೆ ಕಬ್ಬಿಣ ಬೇಕಾ? ಮಗು ಗುದ್ದಿದ್ರೂ ಕುಸಿಯತ್ತೆ!”

ರಟ್ಟಿನ ಮೇಲೆ ಎಣ್ಣೆ ಕಂಪನಿಯ ಸೂರ್ಯಕಾಂತಿಯ ಚಿತ್ರ ಅರ್ಧ ಕಾಣುತ್ತಿತ್ತು. ಬಸೀಲಿಯಾ ಹತ್ತಿರ ಬಂದು ಅದನ್ನು ಬೆರಳಿಂದ ಮುಟ್ಟಿದಳು.

“ಯಾರು ಹೊಲಿದಿದ್ದು ಇದನ್ನ?”

“ನಾನೇ ಅವ್ವಾ.”

“ಯಾರಿಗೆ?”

“ಪೇಟೆ ಮಕ್ಕಳಿಗೆ. ಕುಣಿಯೋಕೆ. ಅವರು ಕೇಳಿದ್ದು ಸರಿಯಾಗೇ ಇತ್ತು ಅವ್ವಾ. ಒಳಗಿನ ರಟ್ಟು ಮುಚ್ಚಿದ್ದು ನಾನು. ನನ್ನ ಜಂಬಕ್ಕೆ ಮುಚ್ದೆ.”

ಮುದುಕಿಯ ಕೈಯಲ್ಲಿದ್ದ ಕಲ್ಲು ಮೇಲೇರಿತು. ಸತುರ್ನೀನಾ ತಲೆ ಬಾಗಿಸಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಕಲ್ಲು ಹಣೆಗೆ ಬಿತ್ತು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅವಳು ಮಂಡಿಯೂರಿದಳು, ಪಕ್ಕಕ್ಕೆ ಉರುಳಿದಳು. ಅಷ್ಟೇ ಸಾಕಿತ್ತು, ಕಂಬದ ಸುತ್ತ ಇದ್ದವರೆಲ್ಲ ಅವಳ ಮೇಲೆ ಬಿದ್ದರು. ಅವಳ ಟೊಪ್ಪಿಗೆ ಹಾಕಿಕೊಂಡು ವರ್ಷಗಟ್ಟಲೆ ತಲೆ ಉಳಿಸಿಕೊಂಡ ಗಂಡಸರೇ ಒದೆಯತೊಡಗಿದರು. ಒಬ್ಬ ಅವಳ ಜಡೆ ಹಿಡಿದು ಎಳೆದ. ನಾನು ಒಬ್ಬನ ಕೈ ಕಚ್ಚಿದೆ, ಕಪಾಳಕ್ಕೆ ಏಟು ತಿಂದು ದೂರ ಬಿದ್ದೆ. ಬಿದ್ದಲ್ಲಿಂದ ತೆವಳಿ ಕಸಿಯಾನೋನ ಕಟ್ಟು ಬಿಚ್ಚಿದೆ, ಮತ್ತೇನು ಮಾಡಬೇಕೆಂದು ತಿಳಿಯಲಿಲ್ಲ. ಅವನು ಓಡಿಹೋಗುತ್ತಾನೆಂದುಕೊಂಡೆ. ಓಡಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತ ನಿಂತ.

“ಎಲ್ರೂ ಹೇಳಿ ಹೇಳಿ, ಕೈಲಿ ಕಬ್ಬಿಣ ಇತ್ತೇನೋಂತ ನಂಗೇ ಅನ್ಸಿಬಿಟ್ಟಿತ್ತು ಅಕ್ಕಾ,” ಎಂದ.

ಆಮೇಲೆ ಅವನೂ ಗುಂಪಿಗೆ ನುಗ್ಗಿ ಒಬ್ಬೊಬ್ಬರನ್ನೇ ಹಿಡಿದೆಳೆದು ಎಸೆಯತೊಡಗಿದ. ಆದರೆ ಅವನಿಗಿಂತ ಮುಂಚೆ ಕಾಲುಗಳ ನಡುವೆ ನುಸುಳಿದವಳು ಬಸೀಲಿಯಾ. ಮಗಳ ಮೇಲೆ ಅಡ್ಡಬಿದ್ದು ಅವಳ ಒಡೆದ ಹಣೆಯನ್ನು ತನ್ನ ಲಂಗದಲ್ಲಿ ಮುಚ್ಚಿದಳು. ಒದೆಗಳೆಲ್ಲ ಮುದುಕಿಯ ಬೆನ್ನಿಗೆ ಬೀಳುತ್ತಿದ್ದವು.

“ಬಿಡ್ರೋ ಪಾಪಿಗಳಾ, ನಾನೇ ಹೊಡ್ದಾಯ್ತಲ್ಲ, ಇನ್ನೇನು ಬೇಕು ನಿಮ್ಗೆ?” ಎಂದು ಮುದುಕಿ ಕಿರುಚಿದಳು. “ಬೆಳಿಗ್ಗೆ ಒಬ್ಬ ಹೋದ. ಇವ್ಳೂ ಹೋದ್ರೆ ನನ್ನ ಅವ್ವಾ ಅನ್ನೋರು ಯಾರ್ರೋ?”

ಅದನ್ನು ಕೇಳಿದ ಮೇಲೂ ಮುದುಕಿಯ ಬೆನ್ನಿಗೆ ಒಂದೆರಡು ಒದೆ ಬಿದ್ದವು. ಆಮೇಲೆ ನಿಂತವು.