ನಟ್ಟನಡುವಿನ ತುಂಡು

ನನ್ನನ್ನು ನೋಡಿ ಯಾರಾದರೂ ಸುಮ್ಮನೆ ನಕ್ಕರೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುವವರ ಪೈಕಿ ನಾನು. ಅಂಗಡಿಯವನು ಬೆಲೆ ಇಳಿಸಿದರೆ ಮಾಲಿನ ಮೇಲೆ ಅನುಮಾನ, ಇಳಿಸದಿದ್ದರೆ ಅಂಗಡಿಯವನ ಮೇಲೆ. ಇಂಥವನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದರೆ ಪರವಾಗಿಲ್ಲ. ಆ ಅನುಮಾನವನ್ನು ಮನೆಗೂ ಹೊತ್ತು ತಂದರೆ ಕಷ್ಟ.

ಈ ಸಲ ನನ್ನ ಕೈಗೆ ಸಿಕ್ಕಿಬಿದ್ದದ್ದು ಒಂದು ನೀಲಿ ಟಾರ್ಪಾಲು. ನೆಲ್ಯಹುದಿಕೇರಿಯ ನಮ್ಮ ಮನೆಯ ಹಿಂದೆ ನನ್ನ ಹೆಂಡತಿ ವಿಮಲಾ ತಾನೇ ನೆಟ್ಟು ಬೆಳೆಸಿದ ರೊಬಸ್ಟಾ ಕಾಫಿ ಗಿಡಗಳು ಮೊದಲ ಫಸಲು ಕೊಟ್ಟಿದ್ದವು. ಈ ವರ್ಷ ಮನೆಗೆ ಇದರದ್ದೇ ಪುಡಿ ಎಂದು ಅವಳು ನೆಂಟರಿಗೆಲ್ಲ ಹೇಳಿಯೂ ಆಗಿತ್ತು. ಕಣದಲ್ಲಿ ಒಣಗುವ ಹಣ್ಣನ್ನು ಸಂಜೆ ರಾಶಿ ಮಾಡಿ ಮುಚ್ಚಲು ಕುಶಾಲನಗರದಿಂದ ಟಾರ್ಪಾಲು ತಂದಳು. ಅಂಗಡಿಯವನು ಹೊಸ ಮಾಲು, ಬೇಕಾದರೆ ಎಳೆದು ನೋಡಿ ಎಂದನಂತೆ. ಕೇಳದೆಯೇ ಎಳೆದು ನೋಡಿ ಅನ್ನುವವನನ್ನು ನಂಬುವುದು ಹೇಗೆ? ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದೇ ಇರಬೇಕು ಎಂದು ನನಗೆ ಖಾತ್ರಿಯಾಯಿತು.

ಪ್ಲಾಸ್ಟಿಕ್ ಎಂದರೆ ಸಣ್ಣ ಕೊಂಡಿಗಳ ಉದ್ದನೆಯ ಸರಪಳಿ. ಒಂದು ಸರಪಳಿಯಲ್ಲಿ ಎಷ್ಟು ಕೊಂಡಿ ಎಂಬುದೇ ಪಾಲಿಮರೀಕರಣದ ಮಟ್ಟ. ಲೆಕ್ಕ ಸುಲಭ: ಸರಪಳಿಯ ಅಣುತೂಕವನ್ನು ಒಂದು ಕೊಂಡಿಯ ತೂಕದಿಂದ ಭಾಗಿಸಿದರಾಯಿತು. ಬಿಸಿಲುಂಡು ಕರಗಿ ಬಂದ ಮಾಲಿನಲ್ಲಿ ಸರಪಳಿಗಳು ತುಂಡಾಗಿ ಈ ಸಂಖ್ಯೆ ಇಳಿದಿರುತ್ತದೆ. ಮೈಸೂರಿನ ಪ್ರಯೋಗಾಲಯವೊಂದರಲ್ಲಿರುವ ಗೆಳೆಯನಿಗೆ ತುಂಡು ಕಳಿಸಿದರೆ ಅಣುತೂಕ ಅಳೆದು ಹೇಳುತ್ತಾನೆ.

ತುಂಡನ್ನು ಎಲ್ಲಿಂದ ಕತ್ತರಿಸಬೇಕು? ಅಂಚಿನಿಂದ ಎನ್ನುತ್ತೀರಿ, ನೀವು ಕಾಫಿ ಮಾರಿದವರಲ್ಲ. ನಮ್ಮಲ್ಲಿ ಮೂಟೆಯ ಬಾಯಿ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಒಳ್ಳೆಯ ಕಾಳು ಮೇಲಿಟ್ಟು ಕಪ್ಪುಕಾಳು ಒಳಗೆ ತುಂಬುವವರಿದ್ದಾರೆಂದು ವ್ಯಾಪಾರಿ ನಡುವಿಗೇ ಕೊಳವೆ ಚುಚ್ಚಿ ಕಾಳು ತೆಗೆಯುತ್ತಾನೆ. ಅದೇ ನ್ಯಾಯದಂತೆ, ವಿಮಲಾ ಸಂತೆಗೆ ಹೋಗಿದ್ದಾಗ, ಟಾರ್ಪಾಲಿನ ನಟ್ಟನಡುವಿನಿಂದ ಅಂಗೈಯಗಲ ಕತ್ತರಿಸಿದೆ. ತೂತಿಗೆ ನೀಲಿ ಟೇಪು ಹಚ್ಚಿದೆ. ಆ ಟೇಪಿನ ಮೇಲೆ ಯಾಕೋ ನನಗೆ ಅನುಮಾನ ಬರಲಿಲ್ಲ.

ಆ ವಾರವೇ ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಟೇಪು ಕಿತ್ತುಹೋಗಿ, ರಾಶಿಯ ನೆತ್ತಿಗೆ ಸರಿಯಾಗಿ ಕೂತಿದ್ದ ತೂತಿನಿಂದ ನೀರು ಹೊಟ್ಟೆಯವರೆಗೂ ಇಳಿಯಿತು. ಬೆಳಿಗ್ಗೆ ವಿಮಲಾ ಟಾರ್ಪಾಲು ಸರಿಸಿ, ಒದ್ದೆ ಹಣ್ಣು ಮೂಸಿ, ತೂತಿನಲ್ಲಿ ಕೈ ತೂರಿಸಿ ನನ್ನತ್ತ ನೋಡಿದಳು. ನಾನೇ ಎಲ್ಲ ಹೇಳಿದೆ. ಮುಗ್ಗಿದ್ದನ್ನು ಬೇರೆ ಮಾಡಿ ಬೇರೆಯೇ ಒಣಗಿಸಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಗೆಳೆಯನ ಫೋನು ಬಂತು. ಅಣುತೂಕ ಹತ್ತಿರಹತ್ತಿರ ಎರಡು ಲಕ್ಷ ಎಂಬತ್ತು ಸಾವಿರ. ಕೊಂಡಿಯ ತೂಕ ಇಪ್ಪತ್ತೆಂಟು. ಭಾಗಿಸಿದರೆ ಹತ್ತು ಸಾವಿರ. ಅಪ್ಪಟ ಹೊಸ ಮಾಲು. ಇದು ಬರೀ ಸರಾಸರಿ, ಒಂದೊಂದು ಸರಪಳಿಯ ಹಣೆಬರಹ ಒಂದೊಂದು ಥರ ಎಂದೂ ಅವನು ಸೇರಿಸಿದ.

ಹೊಸ ಪುಡಿ ಬಂದ ದಿನ ಮನೆ ತುಂಬ ನೆಂಟರು. ಎಲ್ಲರೂ ಹೊಗಳಿ ಕುಡಿಯುತ್ತಿದ್ದರು. ನನ್ನ ಲೋಟದಿಂದ ಮಾತ್ರ ನೆನೆದ ಗೋಣಿಯ ವಾಸನೆ. ಅನುಮಾನದಿಂದ ವಿಮಲಾಳ ಮುಖ ನೋಡಿದೆ.

“ಅದು ರಾಶಿ ಮಧ್ಯದ್ದು ಕಣ್ರೀ,” ಎಂದಳು. “ನಿಮ್ಗೆ ಮಧ್ಯದ್ದರ ಮೇಲೆ ತಾನೆ ನಂಬಿಕೆ?”

ಸರಾಸರಿ ತೆಗೆದರೆ ನಮ್ಮನೆ ಕಾಫಿ ಬಹಳ ಚೆನ್ನಾಗಿದೆ. ಆದರೆ ನನ್ನ ಲೋಟಕ್ಕೆ ಸರಾಸರಿ ಬರುವುದಿಲ್ಲ. ಆ ಪುಡಿ ಇನ್ನೆಷ್ಟು ಉಳಿದಿದೆ ಎಂದು ಮೆಲ್ಲಗೆ ಕೇಳಿದೆ. ನನಗೊಬ್ಬನಿಗೆ ವರ್ಷಕ್ಕಾಗುವಷ್ಟಿದೆ ಎಂದಳು. ಆ ಮಾತನ್ನು ಪರೀಕ್ಷೆಗೆ ಕಳಿಸದೆ ನಂಬಿದೆ.