ನಿಧಾನದವರು ಮುಂದೆ

ದೈಹಿಕ ಶಿಕ್ಷಣವೆಂದರೆ ಪದಕ ತರುವ ನಾಲ್ಕು ಮಕ್ಕಳನ್ನು ಆರಿಸಿ, ಉಳಿದವರನ್ನು ಚಪ್ಪಾಳೆ ತಟ್ಟಲು ಕೂರಿಸುವ ವಿದ್ಯೆ ಎಂದು ತಿಳಿದವರು ಇಂದಿಗೂ ಕಡಿಮೆಯಿಲ್ಲ. ಓದು ಬರಹ ಹೇಗೋ ಹಾಗೆಯೇ ನಡೆಯುವುದು, ಹತ್ತುವುದು, ಜಿಗಿಯುವುದು ಕೂಡ ಪ್ರತಿ ಮಗುವಿಗೂ ಜೀವನಪೂರ್ತಿ ಬೇಕಾದ ವಿದ್ಯೆ ಎಂದು ನಂಬಿ ಹಾಗೆಯೇ ಕಲಿಸಿದವರು ಬೆರಳೆಣಿಕೆಯ ಮಂದಿ. ನಮ್ಮ ಪ್ರಾಥಮಿಕ ಶಾಲೆಯ ಆಟದ ಮೇಷ್ಟ್ರು ಅವರಲ್ಲೊಬ್ಬರು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಅವರು ಶಾಲೆಗೆ ಗೆದ್ದು ತಂದ ಬಹುಮಾನದ ಕಪ್ಪು ಒಂದೇ ಒಂದು. ಅದರಲ್ಲಿ ಈಗ ಸೀಮೆಸುಣ್ಣದ ಚೂರುಗಳನ್ನು ಹಾಕಿಟ್ಟಿದ್ದಾರೆ. ಆದರೆ ಅವರ ಕೈಯಲ್ಲಿ ಕಲಿತು ಹೋದವರು, ಈಗ ಮಕ್ಕಳಿರುವವರು, ಬೆಳಗ್ಗೆ ಬೀದಿಯಲ್ಲಿ ನಡೆಯುತ್ತ ನನಗೆ ಸಿಕ್ಕರೆ "ಮೇಷ್ಟ್ರು ಹೇಗಿದ್ದಾರೆ ಅಜ್ಜಿ?" ಎಂದು ನಿಂತು ಕೇಳುತ್ತಾರೆ.

ಮೇಷ್ಟ್ರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಬರೆಯುವವರಲ್ಲಿ ದೊಡ್ಡ ದೊಡ್ಡ ಓದಿನವರಿದ್ದಾರೆ. ನಾನು ಆ ಶಾಲೆಯಲ್ಲಿ ಕೋಣೆ ಗುಡಿಸಿ, ಗಂಟೆ ಹೊಡೆಯುತ್ತಿದ್ದ ಆಯಮ್ಮ. ನನ್ನ ಅಕ್ಷರಗಳು ಸಂಜೆಯ ಮೇಲೆ ನಡೆಯುತ್ತಿದ್ದ ವಯಸ್ಕರ ತರಗತಿಯಲ್ಲಿ, ಐವತ್ತರ ಮೇಲೆ ಕಲಿತವು. ಆದ್ದರಿಂದ ವಾಕ್ಯ ಎಡವಿದರೆ ಓದುಗರು ಕ್ಷಮಿಸಬೇಕು. ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ ಎಂಬುದು ಮೇಷ್ಟ್ರ ಬಾಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದ ಮಾತು.

ಮೇಷ್ಟ್ರು ನಮ್ಮ ಶಾಲೆಗೆ ಬಂದಾಗ ಅವರ ಕತ್ತಿನಲ್ಲಿ ಒಂದು ಸೀಟಿ, ಕೈಯಲ್ಲಿ ಓಟದ ಸಮಯ ಅಳೆಯುವ ಗಡಿಯಾರ, ತಲೆಯ ತುಂಬ ಹುರುಪು ಇತ್ತು. ಮೊದಲ ವರ್ಷಗಳಲ್ಲಿ ಅವರೂ ಎಲ್ಲರಂತೆಯೇ ಕಲಿಸಿದರು: ಸೀಟಿ ಊದು, ಓಡಿಸು, ಗೆದ್ದವರನ್ನು ಹೊಗಳು. ಐದನೆಯ ವರ್ಷ ಅವರಿಗೊಂದು ಯೋಚನೆ ಬಂತು. ಮೂರನೆಯ ತರಗತಿಯ ನಲವತ್ತೊಂದು ಮಕ್ಕಳನ್ನೂ ಅಂಗಳದಲ್ಲಿ ಓಡಿಸಿ, ಯಾರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆದು, ಮೊದಲು ಬಂದವರಿಂದ ಕೊನೆಗೆ ಬಂದವರವರೆಗೆ ಎಲ್ಲರ ಹೆಸರನ್ನೂ ಒಂದು ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ, ಸಣ್ಣ ಕುಂಚದಿಂದ, ಮುದ್ದಾಗಿ ಬರೆದರು. ಹೆಸರು ಗೋಡೆಯ ಮೇಲಿದ್ದರೆ ಮಕ್ಕಳಿಗೆ ಛಲ ಹುಟ್ಟುತ್ತದೆಂಬುದು ಅವರ ಲೆಕ್ಕ. ಹಲಗೆಯನ್ನು ಮೆಟ್ಟಿಲ ಪಕ್ಕದ ಗೋಡೆಗೆ ತೂಗುಹಾಕಲು ಮೊಳೆ ಹೊಡೆದವಳು ನಾನೇ.

ಆ ನಲವತ್ತೊಂದರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಅವಳಿಗೆ ಆಗ ಎಂಟು ವರ್ಷ. ಹುಟ್ಟಿದಾಗಿನಿಂದ ಉಬ್ಬಸ, ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟರೆ ಎದೆಯೊಳಗೆ ಕೊಳಲು ಊದಿದ ಹಾಗೆ ಸದ್ದು ಬರುತ್ತಿತ್ತು. ವೈದ್ಯರು ಮದ್ದು ಬರೆದುಕೊಟ್ಟು, "ಓಡಿಸಬೇಡಿ ಅಂತ ನಾನು ಹೇಳ್ತಿಲ್ಲಮ್ಮ. ಅವಳ ಉಸಿರಿಗೆ ತಕ್ಕ ಹಾಗೆ ದಿನಾ ಆಡಲಿ. ಕೂರಿಸಿಬಿಟ್ರೆ ಎದೆ ಇನ್ನೂ ಸೋಮಾರಿ ಆಗತ್ತೆ" ಎಂದಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂರುತ್ತಿದ್ದ ನನ್ನ ಮಗಳಿಗೆ ಮಾತ್ರ ಹೆದರಿಕೆ. "ಆಟಾನೂ ಬೇಡ, ಎದೆ ಹಿಡ್ಕೊಂಡು ಬರೋದೂ ಬೇಡ. ಇನ್ನೊಂದು ಸಲ ಹೀಗಾದ್ರೆ ಸ್ಕೂಲೇ ಬಿಡಿಸ್ತೀನಿ ನೋಡಮ್ಮ" ಎನ್ನುತ್ತಿದ್ದಳು.

ಹಲಗೆ ಗೋಡೆಗೇರಿದ ಮರುವಾರದಿಂದ ಆಟದ ಪಿರಿಯಡ್ ಇರುವ ದಿನವೇ ಮೊಮ್ಮಗಳಿಗೆ ಹೊಟ್ಟೆನೋವು ಬರತೊಡಗಿತು. ಬಂದು ನನ್ನ ಗಂಟೆ ಕೋಣೆಯಲ್ಲಿ, ಪೊರಕೆಗಳ ನಡುವೆ, ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂರುತ್ತಿದ್ದಳು. ಉಳಿದ ಮಕ್ಕಳ ಕೇಕೆ ಅಂಗಳದಿಂದ ಕೇಳುತ್ತಿತ್ತು. ನನಗೆ ಕಾರಣ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ, ಹಲಗೆ ಓದಲು ನನಗೆ ಬರುತ್ತಿರಲಿಲ್ಲ. ಎಲ್ಲ ಮಕ್ಕಳ ಹೆಸರೂ ಅದರಲ್ಲಿದೆ ಎಂದು ಯಾರೋ ಹೇಳಿದ್ದರು, ಅಷ್ಟೇ. ಒಂದು ದಿನ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತ, "ನಿನ್ನ ಹೆಸರು ಯಾವುದೇ, ತೋರ್ಸು" ಎಂದೆ.

ಅವಳು ತುದಿಗಾಲಲ್ಲಿ ನಿಂತು, ಎಲ್ಲಕ್ಕಿಂತ ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು.

ನನ್ನ ಸಂತೋಷಕ್ಕೆ ಮೇರೆಯೇ ಇಲ್ಲದಾಯಿತು. ಅಂದಿನಿಂದ ಆ ಮೊದಲ ಸಾಲನ್ನು ದಿನಕ್ಕೆರಡು ಸಲ ಒರೆಸಿದೆ. ಬೀದಿಯ ತಿರುವಿನ ಬೇಕರಿಯವನ ಮುಂದೆಯೂ ಜಂಭ ಕೊಚ್ಚಿಕೊಂಡೆ: "ನೋಡಪ್ಪ, ನನ್ನ ಮೊಮ್ಮಗಳೇ ಎಲ್ಲರಿಗಿಂತ ಮೊದಲು. ಹಲಗೆ ಮೇಲೆ ಬರೆದಿದ್ದಾರೆ." ಬೇಕರಿಯವನು ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ, "ಒಳ್ಳೇದಾಯ್ತಮ್ಮ" ಎಂದು ಒಂದು ಬನ್ನನ್ನು ಕಾಗದದಲ್ಲಿ ಸುತ್ತಿ, "ಮಗೂಗೆ ಕೊಡು" ಎಂದ. ಅವನ ಮಗಳೂ ಅದೇ ತರಗತಿಯಲ್ಲಿದ್ದಳು.

ಮೇಷ್ಟ್ರಿಗೆ ಕೃತಜ್ಞತೆ ಹೇಳದಿದ್ದರೆ ಹೇಗೆ? ಒಂದು ಮಧ್ಯಾಹ್ನ ಅವರು ಆಟದ ಸಾಮಾನಿನ ಕೋಣೆಯಲ್ಲಿ ಕೂತು ಚೆಂಡಿಗೆ ಪಂಪಿನಿಂದ ಗಾಳಿ ತುಂಬುತ್ತಿದ್ದಾಗ ಹೋಗಿ ಕೈಮುಗಿದೆ.

"ಆ ಮಗೂಗೆ ಉಸಿರೇ ಇಲ್ಲ ಅಂದ್ಕೊಂಡಿದ್ದೆ ಮೇಷ್ಟ್ರೇ. ನೀವು ನೋಡಿದ್ರೆ ಎಲ್ಲರಿಗಿಂತ ಮೇಲೆ ಬರೆದಿದ್ದೀರಿ."

"ಯಾರು ಹೇಳಿದ್ರು ಆಯಮ್ಮ?"

"ಅವಳೇ ಬೆರಳಿಟ್ಟು ತೋರ್ಸಿದ್ಲು."

ಮೇಷ್ಟ್ರು ಪಂಪು ಒತ್ತುವುದನ್ನು ನಿಲ್ಲಿಸಿದರು. ಚೆಂಡಿನಿಂದ ಗಾಳಿ ಸುಯ್ಯನೆ ಹೊರಗೆ ಹೋಗುತ್ತಿತ್ತು, ಅವರು ಅದನ್ನು ಗಮನಿಸಲಿಲ್ಲ. ಆಮೇಲೆ, "ಹಲಗೆ ಇಳಿಸ್ಬೇಕು ಆಯಮ್ಮ. ಮೊಳೆ ಸಡಿಲ ಆಗಿದೆ" ಎಂದರು.

"ಎಲ್ಲಿ ಸಡಿಲ? ನಾನೇ ಹೊಡೆದಿದ್ದು. ಆನೆ ಕಟ್ಟಿದ್ರೂ ಕಿತ್ತು ಬರಲ್ಲ."

"ಆದ್ರೂ ಇಳಿಸೋಣ."

ಅಂದೇ ಇಳಿಸಿದರು. ಕೊರಳ ಸೀಟಿಯನ್ನೂ ತೆಗೆದು ನನ್ನ ಕೋಣೆಯ ಮೊಳೆಗೆ ನೇತುಹಾಕಿದರು. ಬಡವರ ಮನೆಯ ಮಗು ಮೇಲಿರುವುದು ಇವರಿಗೂ ಸಹಿಸಲಾಗಲಿಲ್ಲವೆಂದು ನನಗೆ ಮೈಯೆಲ್ಲ ಉರಿಯಿತು. ಆ ವಾರವೆಲ್ಲ ಅವರ ಕೋಣೆಯನ್ನು ಎಲ್ಲಕ್ಕಿಂತ ಕೊನೆಗೆ ಗುಡಿಸಿದೆ. ಕಸವನ್ನು ಬಾಗಿಲ ಹತ್ತಿರವೇ ಬಿಟ್ಟೆ. ಮೇಷ್ಟ್ರು ಅದನ್ನು ತಾವೇ ಎತ್ತಿ ಹಾಕಿದರು.

ಮುಂದಿನ ಸೋಮವಾರದಿಂದ ಅವರು ಹೊಸ ಪದ್ಧತಿಯೊಂದನ್ನು ಹೂಡಿದರು. ಬೆಳಗ್ಗೆ ಏಳೂವರೆಗೆ ಬೇಕರಿಯ ಮುಂದೆ ನಿಂತು, ಬೀದಿ ಬೀದಿಯ ಮಕ್ಕಳನ್ನು ಕೂಡಿಸಿಕೊಂಡು, ಸೇತುವೆ ದಾಟಿ ಶಾಲೆಗೆ ನಡೆಸಿಕೊಂಡು ಬರುವುದು. ಅದಕ್ಕೆ ನಡಿಗೆಯ ಸಾಲು ಎಂದು ಹೆಸರಾಯಿತು. ಅದರ ನಿಯಮ ಒಂದೇ: ಎಲ್ಲರಿಗಿಂತ ನಿಧಾನದವರು ಮುಂದೆ, ಅವರನ್ನು ಯಾರೂ ದಾಟುವಂತಿಲ್ಲ. ಮೇಷ್ಟ್ರು ಎಲ್ಲರಿಗಿಂತ ಹಿಂದೆ. ಮೊದಲ ದಿನ ಅವರು ನನ್ನ ಮೊಮ್ಮಗಳನ್ನು ಕರೆದು, "ಮುಂದೆ ನೀನು. ಉಸಿರು ಬೇಕಾದಾಗ ನಿಲ್ಲು. ನೀನು ನಿಂತ್ರೆ ಎಲ್ಲರೂ ನಿಲ್ತೀವಿ" ಎಂದರಂತೆ.

ಅವಳು ನನ್ನ ಮೊಮ್ಮಗಳಲ್ಲವೇ, ಪರೀಕ್ಷೆ ಮಾಡದೆ ನಂಬುವಳೇ? ಸೇತುವೆ ಬರುವುದರೊಳಗೆ ಮೂರು ಸಲ ನಿಂತಳಂತೆ. ಎರಡು ಸಲ ಉಸಿರಿಗೆ, ಮೂರನೆಯ ಸಲ ಬೇಕೆಂದೇ. ಮೂರು ಸಲವೂ ಇಡೀ ಸಾಲು ನಿಂತಿತು. ಬೇಕರಿಯವನ ಮಗಳು, "ಸಾರ್, ಇವಳಿಂದ ನಮಗೆಲ್ಲ ಲೇಟ್ ಆಗತ್ತೆ" ಎಂದಳು.

"ಲೇಟ್ ಆದ್ರೆ ಬೈಸ್ಕೊಳ್ಳೋನು ನಾನು. ನಿನಗೆ ಕಾಲು ತುರಿಸ್ತಾ ಇದ್ರೆ ಅಷ್ಟರಲ್ಲಿ ಆ ಮೆಟ್ಟಿಲು ಹತ್ತಿ ಇಳಿ."

ಅವಳು ಹತ್ತಿ ಇಳಿದಳು. ಅವಳ ಹಿಂದೆ ಇನ್ನೂ ಏಳೆಂಟು ಮಕ್ಕಳು. ಆಮೇಲಿನ ದಿನಗಳಲ್ಲಿ ಸಾಲು ನಿಂತಾಗಲೆಲ್ಲ ಬಿರುಸಿನ ಮಕ್ಕಳಿಗೆ ಮೆಟ್ಟಿಲು, ಕಟ್ಟೆ, ಕಂಬ ಹುಡುಕುವುದೇ ಆಟವಾಯಿತು.

ಅತ್ತ ಶಾಲೆಯಲ್ಲಿ ಗಂಟೆಯ ಹೊತ್ತಾಗಿತ್ತು. ಹಗ್ಗ ಕೈಯಲ್ಲಿ ಹಿಡಿದು ಗೇಟಿನ ಕಡೆ ನೋಡುತ್ತಿದ್ದೆ. ಮೇಷ್ಟ್ರು ತಡವಾಗಿ ಬಂದು ಚೆನ್ನಾಗಿ ಬೈಸಿಕೊಳ್ಳಲಿ ಎಂದು ಮನಸ್ಸು ಹೇಳುತ್ತಿತ್ತು. ಅಷ್ಟರಲ್ಲಿ ದೂರದ ತಿರುವಿನಲ್ಲಿ ಸಾಲು ಕಾಣಿಸಿತು. ಎಲ್ಲರ ಮುಂದೆ, ಚೀಲವನ್ನು ಎದೆಗೆ ಒತ್ತಿಕೊಂಡು, ನನ್ನ ಮೊಮ್ಮಗಳು. ಅವಳು ನಿಂತಳು, ಸಾಲು ನಿಂತಿತು. ಅವಳು ನಡೆದಳು, ಸಾಲು ನಡೆಯಿತು. ನಾನು ಹಗ್ಗ ಬಿಟ್ಟೆ.

ಮುಖ್ಯೋಪಾಧ್ಯಾಯಿನಿ ಹೊರಗೆ ಬಂದು, "ಗಂಟೆ ಯಾಕೆ ಹೊಡೆದಿಲ್ಲ?" ಎಂದರು.

"ಕೈಯೇ ಬರಲಿಲ್ಲ ಟೀಚರ್" ಎಂದೆ.

ಅವರು ನನ್ನನ್ನೂ ನೋಡಿದರು, ಬೀದಿಯನ್ನೂ ನೋಡಿದರು. ಹನ್ನೊಂದು ನಿಮಿಷ ತಡವಾಗಿ ಕೊನೆಯ ಮಗುವಿನ ಹಿಂದೆ ಒಳಗೆ ಬಂದ ಮೇಷ್ಟ್ರಿಗೆ, "ನಾಳೆಯಿಂದ ಕಾಲು ಗಂಟೆ ಮೊದಲೇ ಹೊರಡಿ" ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಗಂಟೆ ಹೊಡೆದೆ. ಕೆಲವು ವಾರಗಳಲ್ಲಿ ಆಟದ ದಿನದ ಹೊಟ್ಟೆನೋವು ಯಾವಾಗ ನಿಂತಿತೆಂದು ಯಾರಿಗೂ ತಿಳಿಯಲಿಲ್ಲ. ಬೋರಲು ಹಾಕಿದ ಬಕೆಟ್ಟು ಮತ್ತೆ ನನಗೆ ನೀರು ಹೊರಲು ಸಿಕ್ಕಿತು. ನನ್ನ ಮಗಳೂ ಶಾಲೆ ಬಿಡಿಸುವ ಮಾತು ಬಿಟ್ಟಳು.

ಅಲ್ಲಿಂದ ಮುಂದಿನ ಅವರ ಸೇವೆಯನ್ನೆಲ್ಲ ಬರೆಯಹೊರಟರೆ ಈ ಸಂಪುಟ ಸಾಲದು. ಅಂಗಳದ ಗೋಡೆಯ ಮೇಲೆ ಪ್ರತಿ ಮಗುವೂ ಜಿಗಿದು ಮುಟ್ಟಿದಲ್ಲಿಗೆ ಸೀಮೆಸುಣ್ಣದ ಗೆರೆ ಎಳೆಯುವುದು ರೂಢಿಯಾಯಿತು. ಗೆರೆಗೆ ಹೆಸರಿಲ್ಲ, ಯಾರದ್ದು ಯಾವುದೆಂದು ಅವರವರಿಗೇ ಗೊತ್ತು. ಮುಂದಿನ ತಿಂಗಳು ತನ್ನ ಗೆರೆಯನ್ನು ತಾನೇ ದಾಟಬೇಕು. ಆ ಗೋಡೆಯನ್ನು ತೊಳೆಯದಿರಲು ನನಗೆ ಅಪ್ಪಣೆಯಾಗಿತ್ತು. ಗುಡಿಸಿ ತೊಳೆಯುವವಳಿಗೆ ಅದು ಎಷ್ಟು ಕಷ್ಟವೆಂದು ಆ ಕೆಲಸದವರೇ ಬಲ್ಲರು. ಮನೆಯ ದೊಡ್ಡವರೊಬ್ಬರನ್ನು ದಿನವೂ ಕಾಲು ಗಂಟೆ ನಡೆಸಿಕೊಂಡು ಬರಬೇಕೆಂಬ ಮನೆಗೆಲಸ ಕೊಟ್ಟಾಗ ದರ್ಜಿಯೊಬ್ಬ ಗೇಟಿಗೆ ಬಂದು, "ಮೇಷ್ಟ್ರೇ, ಓದೋದು ನನ್ನ ಮಗ, ಹೋಂವರ್ಕ್ ಮಾಡೋದು ನಾನಾ?" ಎಂದು ಜಗಳ ತೆಗೆದಿದ್ದ. ಆರು ತಿಂಗಳ ನಂತರ ಅದೇ ದರ್ಜಿ ಸಡಿಲವಾದ ತನ್ನ ಪ್ಯಾಂಟನ್ನು ತಾನೇ ಬಿಗಿಮಾಡಿಕೊಂಡು ಬಂದು ತೋರಿಸಿದ.

ಹಲಗೆ ಇಳಿಸಿದ ಮೂರು ವರ್ಷಕ್ಕೆ ನನ್ನನ್ನು ವಯಸ್ಕರ ತರಗತಿಗೆ ಸೇರಿಸಿದವರೂ ಮೇಷ್ಟ್ರೇ. ತಾವೇ ಹೋಗಿ ಹೆಸರು ಬರೆಸಿ, "ಕಾಲಿಗೆ ನಡಿಗೆ ಇದ್ದ ಹಾಗೆ ಕಣ್ಣಿಗೆ ಓದು ಆಯಮ್ಮ. ತಡ ಅಂತ ಏನೂ ಇಲ್ಲ" ಎಂದರು. ಇದು ದೊಡ್ಡ ಮಾತೆಂದು ನನಗೆ ತೋರಿದ್ದು ಎರಡು ವರ್ಷಗಳ ಮೇಲೆ. ಆಟದ ಸಾಮಾನಿನ ಕೋಣೆಯನ್ನು ಸಾರಿಸಲೆಂದು ಚಾಪೆಗಳನ್ನು ಸರಿಸಿದಾಗ ಗೋಡೆಗೆ ಮುಖ ಮಾಡಿ ಇಟ್ಟಿದ್ದ ಆ ಕಪ್ಪು ಹಲಗೆ ಸಿಕ್ಕಿತು. ತಿರುಗಿಸಿದೆ. ಈಗ ನನಗೆ ಅಕ್ಷರ ಬರುತ್ತಿತ್ತು. ಮೊದಲ ಸಾಲಿನಲ್ಲಿ ಬೇಕರಿಯವನ ಮಗಳ ಹೆಸರಿತ್ತು. ಒಂದೊಂದನ್ನೂ ಕೂಡಿಸಿಕೊಂಡು ಓದುತ್ತ ಕೆಳಗೆ ಬಂದೆ. ನಲವತ್ತೊಂದನೆಯದು ನನ್ನ ಮೊಮ್ಮಗಳದ್ದು.

ಚಾಪೆಯ ಮೇಲೆ ಕೂತೆ. ಬನ್ನಿನ ನೆನಪಾಯಿತು. ಬಾಗಿಲ ಹತ್ತಿರ ಬಿಟ್ಟ ಕಸದ ನೆನಪಾಯಿತು. ನಾನು ಓದು ಕಲಿತರೆ ಒಂದು ದಿನ ಇದನ್ನು ಓದಿಯೇ ಓದುತ್ತೇನೆಂದು ತಿಳಿದೂ ನನ್ನ ಹೆಸರು ಬರೆಸಿದವರು ಅವರು. ಹಲಗೆಯನ್ನು ಮೊದಲಿದ್ದ ಹಾಗೆಯೇ ತಿರುಗಿಸಿಟ್ಟು, ಕೋಣೆಯನ್ನು ಮೂಲೆ ಮೂಲೆಯೂ ಬಿಡದೆ ಸಾರಿಸಿದೆ. ಇಪ್ಪತ್ತೊಂದು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಮೊಮ್ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳು ಅಂಚೆ ಹಂಚುವ ಕೆಲಸದಲ್ಲಿದ್ದಾಳೆ. ದಿನವಿಡೀ ನಡೆಯುತ್ತಾಳೆ, ಮಹಡಿ ಹತ್ತುತ್ತಾಳೆ, ಉಸಿರು ಬೇಕಾದಲ್ಲಿ ನಾಚದೆ ನಿಲ್ಲುತ್ತಾಳೆ. ಕೇಳಿದ್ದಕ್ಕೆ, "ಬರಿ ಅಜ್ಜಿ. ನಾನು ಸುಳ್ಳು ಹೇಳಿದ್ದೂ ಬರಿ" ಎಂದಳು.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಳೆದ ವರ್ಷ ಮೇಷ್ಟ್ರ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಯಿತು. ಕೋಲು ಹಿಡಿದು ಎರಡು ದಿನ ಸಾಲಿಗೆ ಬಂದರು. ಹಳೆಯ ರೂಢಿಯಂತೆ ಹಿಂದೆಯೇ ನಿಂತರು. ಸೇತುವೆಯ ಹತ್ತಿರ ಸಾಲಿಗೂ ಅವರಿಗೂ ನಡುವೆ ಒಂದು ಬೀದಿಯ ಅಂತರವಾಯಿತು. "ನೀವು ನಡೀರಿ, ನಡೀರಿ" ಎಂದು ಕೈಬೀಸಿದರು. ಮೂರನೆಯ ದಿನದಿಂದ ಬರಲಿಲ್ಲ. ಕೇಳಿದರೆ, "ನನ್ನಿಂದ ಮಕ್ಕಳಿಗೆ ತಡ ಆಗೋದು ಬೇಡ ಆಯಮ್ಮ" ಎಂದರು. ಕೀಲಿಗೆ ದಿನವೂ ನಡಿಗೆ ಬೇಕೆಂದು ವೈದ್ಯರು ಹೇಳಿದ್ದಾರೆಂದೂ, ಇವರು ರಜೆ ಹಾಕಿ ಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೇ ಇರುತ್ತಾರೆಂದೂ ಅವರ ಹೆಂಡತಿ ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡರು. ಈ ತಿಂಗಳ ಕೊನೆಗೆ ನಿವೃತ್ತಿ. ಆಮೇಲೆ ಆ ಕುರ್ಚಿಯಿಂದ ಅವರನ್ನು ಏಳಿಸುವವರು ಯಾರು? ಮೊನ್ನೆ ಎರಡನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಸೆರಗು ಜಗ್ಗಿ, "ಅಜ್ಜಿ, ಸಾರ್ ನಿಧಾನ ಆಗಿದ್ರೆ ಮುಂದೆ ಬರ್ಬೇಕಲ್ವಾ? ಹಿಂದೆ ಯಾಕೆ ನಿಂತ್ರು?" ಎಂದಳು.

ಮೇಷ್ಟ್ರೇ, ಹಲಗೆ ಇಳಿಸಿದ ಕೈ ನಿಮ್ಮದು. ಮತ್ತೆ ನಿಮ್ಮ ಹೆಸರನ್ನು ನೀವೇ ಅದರ ಕೊನೆಯ ಸಾಲಿನಲ್ಲಿ ಬರೆದುಕೊಳ್ಳಬೇಡಿ. ನಾನು ಕೆಲಸದಿಂದ ಬಿಡುಗಡೆಯಾಗಿ ಹದಿನಾಲ್ಕು ವರ್ಷ ಸಾಲಿನ ಜೊತೆ ನಡೆದಿದ್ದೇನೆ. ಮೊಣಕಾಲು ಕೈಕೊಟ್ಟ ಮೇಲೆ ಈ ನಾಲ್ಕು ವರ್ಷ ಎಲ್ಲರ ಮುಂದೆ ನಡೆಯುವ ಜಾಗ ನನ್ನದು. ಅದನ್ನು ಸುಲಭಕ್ಕೆ ಬಿಟ್ಟುಕೊಡುವವಳು ನಾನಲ್ಲ. ಆದರೆ ನ್ಯಾಯವಾಗಿ ನೋಡಿದರೆ ಈಗ ನನಗಿಂತ ನೀವೇ ನಿಧಾನ. ನಿಮಗೆ ದೀರ್ಘಾಯುಸ್ಸಿರಲಿ, ಆ ಆಯುಸ್ಸು ಕಾಲ ಮೇಲೆ ನಿಂತು ಕಳೆಯುವಂಥದ್ದಾಗಲಿ, ಕಲಿಸುವ ಕೆಲಸ ಅಲ್ಲಿಂದಲೇ ಮುಂದುವರಿಯಲಿ ಎಂದು ಹಾರೈಸುತ್ತೇನೆ. ನಿವೃತ್ತಿಯ ಮರುದಿನ ಸೋಮವಾರ. ಬೇಕರಿ ಈಗ ಆ ಮಗಳದ್ದೇ. ನಿಮಗೊಂದು ಬನ್ನು ಎತ್ತಿಡುತ್ತಾಳಂತೆ. ಏಳು ಗಂಟೆಗೇ ಬನ್ನಿ. ನೀವು ನಿಂತರೆ ಎಲ್ಲರೂ ನಿಲ್ಲುತ್ತೇವೆ. ತಡವಾದೀತೆಂಬ ಚಿಂತೆ ನಿಮಗೆ ಬೇಡ. ಈಗ ಗಂಟೆ ಹೊಡೆಯುವವಳಿಗೆ ಹೇಳಿಟ್ಟಿದ್ದೇನೆ.